ಬ್ರೈಡ್ ಹೆಸರಿನಡಿ ಅಡಗಿದ್ದ ಒಮುರಾ ತಿಮಿಂಗಿಲ

ಉತ್ತರ ಕನ್ನಡದ ದಡಕ್ಕೆ ಆಗಾಗ ಸತ್ತ ತಿಮಿಂಗಿಲ ಬಂದು ಬೀಳುತ್ತದೆ. ಮರುದಿನದ ಪೇಪರಿನಲ್ಲಿ ‘ಬ್ರೈಡ್ಸ್’ ಎಂಬ ಹೆಸರು ಕಾಣುವುದುಂಟು. (ಬ್ರೂಡಸ್ ಅನ್ನೋದೇ ಸರಿಯಾದ ಉಚ್ಚಾರವಂತೆ, ಇರಲಿ.) ಈ ಹೆಸರು ಒಂದು ದೊಡ್ಡ ಗೋಣಿಚೀಲ ಇದ್ದ ಹಾಗೆ. ಅದರೊಳಗೆ ಒಮುರಾ ಎಂಬ ಬೇರೆಯದೇ ಒಂದು ಜಾತಿ ಬಹಳ ಕಾಲ ಸೇರಿಕೊಂಡಿತ್ತು.

ಗೊಂದಲದ ಬೇರು ಬರ್ಮಾದಲ್ಲಿದೆ. 1871ರಲ್ಲಿ ಮಾರ್ತಬಾನ್ ಕೊಲ್ಲಿಯ ದಡದಲ್ಲಿ ಸಿಕ್ಕಿಬಿದ್ದ ತಿಮಿಂಗಿಲಕ್ಕೆ ಪ್ರಾಣಿಶಾಸ್ತ್ರಜ್ಞ ಜಾನ್ ಆಂಡರ್ಸನ್ ಅಲ್ಲಿನ ಬ್ರಿಟಿಷ್ ಅಧಿಕಾರಿ ಆಶ್ಲಿ ಈಡನ್ ಹೆಸರಿಟ್ಟ. ಅದರ ಮೂಳೆಗಳು ಕೋಲ್ಕತ್ತಾದ ಮ್ಯೂಸಿಯಂ ಸೇರಿದವು. 1913ರಲ್ಲಿ ದಕ್ಷಿಣ ಆಫ್ರಿಕಾದ ಇನ್ನೊಂದು ತಿಮಿಂಗಿಲಕ್ಕೆ ಬೇಟೆ ಉದ್ಯಮಿ ಯೋಹಾನ್ ಬ್ರೈಡ್ ಹೆಸರು ಬಂತು. 1950ರಲ್ಲಿ ಎರಡೂ ಒಂದೇ ಎಂದರು. ಆಮೇಲೆ ಬೆಚ್ಚನೆಯ ನೀರಿನಲ್ಲಿ ಕಂಡದ್ದು ಚಿಕ್ಕದಾಗಿದ್ದರೂ ಬ್ರೈಡೇ.

1970ರ ದಶಕದ ಕೊನೆಯಲ್ಲಿ ಜಪಾನಿನ ಹಡಗುಗಳು ಸಾಲೊಮನ್ ದ್ವೀಪಗಳು ಮತ್ತು ಕೊಕೊಸ್ ದ್ವೀಪಗಳ ಬಳಿ ಎಂಟು ತಿಮಿಂಗಿಲ ಹಿಡಿದವು. ಬ್ರೈಡ್‌ಗೆ ಹೋಲಿಸಿದರೆ ಇವು ಗಿಡ್ಡ. ಸುಮ್ನೆ ‘ಕುಳ್ಳ ಬ್ರೈಡ್’ ಅಂದುಕೊಂಡರು. 1998ರಲ್ಲಿ ಜಪಾನಿನ ತ್ಸುನೊಶಿಮಾ ಬಳಿ ಮೀನುಗಾರಿಕೆ ಬೋಟಿಗೆ ಡಿಕ್ಕಿಯಾಗಿ ಸುಮಾರು 11 ಮೀಟರ್ ಉದ್ದದ ಹೆಣ್ಣೊಂದು ಸತ್ತಿತು. ಅದರ ಮೂಳೆ, ಡಿಎನ್‌ಎಗಳನ್ನು ಹಳೆಯ ಎಂಟರ ಜೊತೆ ಇಟ್ಟು ನೋಡಿದಾಗ ಗುಟ್ಟು ಬಯಲಾಯಿತು. 2003ರಲ್ಲಿ ಜಪಾನಿನ ಸಂಶೋಧಕರಾದ ವಾಡಾ, ಓಯಿಶಿ, ಯಮಾದಾ ಇದು ಹೊಸ ಜಾತಿ ಎಂದು ಪ್ರಕಟಿಸಿ, ತಿಮಿಂಗಿಲ ತಜ್ಞ ಹಿದೆಓ ಒಮುರಾ ಹೆಸರಿಟ್ಟರು. ಇದು ಬ್ರೈಡ್‌ನ ತಮ್ಮನೂ ಅಲ್ಲ. ಇದರ ವಂಶ ಬಹಳ ಹಿಂದೆಯೇ ಕವಲೊಡೆದದ್ದು.

ಗುರುತು ಹಿಡಿಯುವುದು ಅಷ್ಟು ಕಷ್ಟವಲ್ಲ, ಜೀವಂತವಾಗಿ ಹತ್ತಿರ ಸಿಕ್ಕರೆ. ಬ್ರೈಡ್ ತಲೆಯ ಮೇಲೆ ಮೂರು ಏಣುಗಳಿರುತ್ತವೆ, ಒಮುರಾಗೆ ಎದ್ದು ಕಾಣುವುದು ಒಂದೇ. ಒಮುರಾದ ಕೆಳದವಡೆ ಬಲಗಡೆ ಬಿಳಿ, ಎಡಗಡೆ ಕಪ್ಪು. ಅರ್ಧ ಮುಖಕ್ಕೆ ಮಾತ್ರ ಸುಣ್ಣ ಬಳಿದ ಹಾಗೆ! ಆದರೆ ದಡದಲ್ಲಿ ಕೊಳೆತ ದೇಹದಲ್ಲಿ ಈ ಬಣ್ಣವೆಲ್ಲಿ ಉಳಿಯಬೇಕು?

ಹೆಸರಿಟ್ಟ ಮೇಲೂ ಸಮುದ್ರದಲ್ಲಿ ಈಜುವ ಒಮುರಾವನ್ನು ಹತ್ತಿರದಿಂದ ಅಧ್ಯಯನ ಮಾಡಿದವರಿರಲಿಲ್ಲ. ಮಡಗಾಸ್ಕರ್‌ನ ನೋಸಿ ಬೇ ದ್ವೀಪದ ಬಳಿ ತಿಮಿಂಗಿಲ ಸಂಶೋಧಕ ಸಾಲ್ವತೋರೆ ಚೆರ್ಕಿಯೊ ತಂಡಕ್ಕೆ ಅವು ಕಂಡಾಗ, ಅವರೂ ಮೊದಲು ಬ್ರೈಡ್ ಅಂತಲೇ ಬಗೆದರು ನೋಡಿ! ದವಡೆಯ ಬಣ್ಣ ಗಮನಿಸಿದ ಮೇಲೆ ಅನುಮಾನ ಬಂತು, ಡಿಎನ್‌ಎ ಅದನ್ನು ಖಚಿತಪಡಿಸಿತು. 2015ರಲ್ಲಿ ವರದಿ ಬಂತು. ದಡಕ್ಕೆ ಹತ್ತಿರದ, ಆಳ ಕಡಿಮೆ ಇರುವ ನೀರಿನಲ್ಲೇ ತಾಯಿ ತಿಮಿಂಗಿಲಗಳು ಮರಿಗಳ ಜೊತೆ ಓಡಾಡಿಕೊಂಡಿದ್ದವು.