ರಿಯರ್ ಡಿರೈಲರ್: ಇಳಿಜಾರಿನ ಸೈಕಲ್ಲಿಗೆ ಒಪ್ಪುವುದು ಯಾವುದು?

ಗೇರ್ ಸೈಕಲ್ಲಿನ ಹಿಂಚಕ್ರದ ಬಲಬದಿಯಲ್ಲಿ, ಹಲ್ಲುಚಕ್ರಗಳ ಕೆಳಗೆ, ಎರಡು ಪುಟ್ಟ ರಾಟೆಗಳನ್ನು ಹಿಡಿದುಕೊಂಡು ಜೋತುಬಿದ್ದಿರುವ ಭಾಗವೇ ರಿಯರ್ ಡಿರೈಲರ್. ಅಂಗಡಿಯವರ ಬಾಯಲ್ಲಿ ಅದು ‘ಆರ್‌ಡಿ’. ಚೈನನ್ನು ಒಂದು ಹಲ್ಲುಚಕ್ರದಿಂದ ಪಕ್ಕದ್ದಕ್ಕೆ ದಾಟಿಸುವುದು ಅದರ ಒಂದು ಕೆಲಸ. ಹಾಗೆ ದಾಟಿಸಿದಾಗ ಸಡಿಲವಾಗುವ ಚೈನನ್ನು ಹಿಂದಕ್ಕೆಳೆದು ಬಿಗಿಯಾಗಿಡುವುದು ಇನ್ನೊಂದು. ರಸ್ತೆಯ ಸೈಕಲ್ಲಿನಲ್ಲಿ ಮೊದಲನೆಯ ಕೆಲಸಕ್ಕೆ ಹೆಚ್ಚು ಮರ್ಯಾದೆ. ಬೆಟ್ಟದ ನೆತ್ತಿಯಿಂದ ಬುಡಕ್ಕೆ ಕಲ್ಲುಗಳ ಮೇಲೆ ಧುಮುಕುತ್ತ ಬರಲೆಂದೇ ಮಾಡಿದ ಡೌನ್‌ಹಿಲ್ ಸೈಕಲ್ಲಿನಲ್ಲಿ ಎರಡನೆಯದೇ ಹೆಚ್ಚು ಮುಖ್ಯ. ಮುರಿದ ಆರ್‌ಡಿಗೆ ಬದಲಿ ಹುಡುಕುವವರು ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಇಳಿಜಾರಿನಲ್ಲಿ ಗೇರುಗಳ ಪಾತ್ರ ಎಷ್ಟು ಚಿಕ್ಕದೆಂಬುದಕ್ಕೆ 2015ರ ಡೌನ್‌ಹಿಲ್ ಸೈಕಲ್ ವಿಶ್ವಕಪ್ ಸಾಕ್ಷಿ. ಆಸ್ಟ್ರಿಯದ ಲಿಯೋಗಾಂಗ್‌ನಲ್ಲಿ ಅಮೆರಿಕದ ಆರನ್ ಗ್ವಿನ್ ಅವರ ಚೈನು ಹೊರಡುವ ಗೇಟಿನಲ್ಲೇ ತುಂಡಾಯಿತು. ಅವರು ಪೆಡಲ್ ತುಳಿಯದೆ ಕೆಳಗಿನವರೆಗೂ ಬಂದರು, ಗೆದ್ದೂ ಬಿಟ್ಟರು. ಹಾಗೆಂದು ಆರ್‌ಡಿಯೇ ಬೇಡವೆಂದಲ್ಲ. ತಿರುವಿನಿಂದ ಹೊರಬರುವಾಗ, ಮಟ್ಟಸ ಜಾಗದಲ್ಲಿ ವೇಗ ಕೂಡಿಸುವಾಗ ಆರೇಳು ಗೇರು ಬೇಕಾಗುತ್ತವೆ. ಆದರೆ ಹನ್ನೆರಡು ಗೇರುಗಳ, ದೋಸೆ ಹಂಚಿನಷ್ಟು ಅಗಲದ ಹಲ್ಲುಚಕ್ರದ ಅಗತ್ಯ ಅಲ್ಲಿಲ್ಲ.

ನಮ್ಮ ಚಿಕ್ಕಬಳ್ಳಾಪುರ ಸೀಮೆಯಲ್ಲಿ ಸೈಕಲ್ ಎಂದರೆ ನೆನಪಾಗುವುದು ನಂದಿಬೆಟ್ಟದ ಡಾಂಬರು ತಿರುವುಗಳು. ಭಾನುವಾರ ನಸುಕಿನಲ್ಲಿ ಅಲ್ಲಿ ಏರುವ ಸೈಕಲ್‌ಗಳ ಲೆಕ್ಕವೇ ಬೇರೆ. ಏರಬೇಕಾದವರಿಗೆ ದೊಡ್ಡ ಹಲ್ಲುಚಕ್ರವೂ ಅದಕ್ಕೆ ತಕ್ಕ ಉದ್ದನೆಯ ಆರ್‌ಡಿಯೂ ಬೇಕು. ಡಾಂಬರು ಬಿಟ್ಟು ಬೆಟ್ಟಗಳ ಬದಿಯ ಕಾಲುದಾರಿಗೆ ಇಳಿದರೆ ಮಾತು ಬದಲಾಗುತ್ತದೆ. ಗ್ರಾನೈಟ್ ಬಂಡೆಗಳ ಅಂಚು, ಕಾಲಿಟ್ಟರೆ ಜಾರುವ ಗರಸು, ಎರಡೂ ಕಡೆ ಲಂಟಾನ. ಕೆಳಕ್ಕೆ ಜೋತುಬಿದ್ದ ಯಾವುದೇ ಲೋಹದ ತುಂಡಿಗೆ ಇವು ಮೂರೂ ಶತ್ರುಗಳು. (ಸ್ಕಂದಗಿರಿಯಂಥ ಕಡೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲ್ನಡಿಗೆಯಲ್ಲೂ ಹೋಗುವಂತಿಲ್ಲ, ಸೈಕಲ್ ಹೊತ್ತು ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಲೇಸು.)

ಎರಡು ರಾಟೆಗಳನ್ನು ಹಿಡಿದಿಡುವ ಚೌಕಟ್ಟಿಗೆ ಕೇಜ್ ಎಂದು ಹೆಸರು. ಅದು ಉದ್ದವಿದ್ದಷ್ಟೂ ಹೆಚ್ಚು ಚೈನನ್ನು ಸುತ್ತಿಕೊಳ್ಳಬಲ್ಲದು. ಎಷ್ಟು ಸುತ್ತಿಕೊಳ್ಳಬೇಕೆಂಬುದನ್ನು ಹಲ್ಲುಗಳ ಲೆಕ್ಕದಲ್ಲೇ ಅಳೆಯುತ್ತಾರೆ: ಹಿಂದಿನ ಅತಿ ದೊಡ್ಡ ಮತ್ತು ಅತಿ ಚಿಕ್ಕ ಹಲ್ಲುಚಕ್ರಗಳ ಹಲ್ಲುಗಳ ವ್ಯತ್ಯಾಸ, ಅದಕ್ಕೆ ಪೆಡಲಿನ ಬಳಿಯಿರುವ ಮುಂದಿನ ದೊಡ್ಡ ಮತ್ತು ಚಿಕ್ಕ ಹಲ್ಲುಚಕ್ರಗಳ ವ್ಯತ್ಯಾಸ ಕೂಡಿಸಿದರೆ ಬರುವುದೇ ಕೆಪಾಸಿಟಿ. ಮುಂದೆ 44, 32, 22 ಹಲ್ಲುಗಳ ಮೂರು ಚಕ್ರ, ಹಿಂದೆ 11ರಿಂದ 34 ಇದ್ದ ಹಳೆಯ ಬೆಟ್ಟದ ಸೈಕಲ್ಲಿಗೆ 22 ಮತ್ತು 23 ಸೇರಿ 45 ಬೇಕಾಗುತ್ತಿತ್ತು. ಡೌನ್‌ಹಿಲ್ ಸೈಕಲ್ಲಿನಲ್ಲಿ ಮುಂದೆ ಇರುವುದು ಒಂದೇ ಹಲ್ಲುಚಕ್ರ, ಸಾಮಾನ್ಯವಾಗಿ 34 ಅಥವಾ 36 ಹಲ್ಲು. ಹಿಂದೆ 11ರಿಂದ 28 ಇದ್ದರೆ ಕೆಪಾಸಿಟಿ ಬರೇ 17. ಇಷ್ಟಕ್ಕೆ ಗಿಡ್ಡ ಕೇಜ್ ಧಾರಾಳ. ಗಿಡ್ಡದ್ದು ನೆಲದಿಂದ ಮೇಲೆ ಉಳಿಯುತ್ತದೆ, ಬಂಡೆಯಂಚಿಗೆ ಸಿಗುವುದು ಕಡಿಮೆ, ಚೈನಿನ ಬಡಿತವೂ ಕಡಿಮೆ. ಸೈಕಲ್ ಬಿಡಿಭಾಗಗಳ ಜಪಾನಿ ಕಂಪನಿ ಶಿಮಾನೊ ತನ್ನ ಕೇಜ್‌ಗಳಿಗೆ ಎಸ್‌ಎಸ್, ಜಿಎಸ್, ಎಸ್‌ಜಿಎಸ್ ಎಂಬ ಗುರುತು ಹಾಕುತ್ತದೆ. ಕ್ರಮವಾಗಿ ಗಿಡ್ಡ, ಮಧ್ಯಮ, ಉದ್ದ. ಡೌನ್‌ಹಿಲ್ಲಿಗೆಂದೇ ಬಂದ ಅದರ ಸೇಂಟ್ ಮತ್ತು ಜೀ ಸರಣಿಗಳ ಹತ್ತು ಗೇರಿನ ಆರ್‌ಡಿಗಳು ಗಿಡ್ಡ ಕೇಜಿನವೇ.

ಕೆಪಾಸಿಟಿ ಸರಿಹೋದ ಮಾತ್ರಕ್ಕೆ ಮುಗಿಯಲಿಲ್ಲ. ಆರ್‌ಡಿ ಏರಬಲ್ಲ ಅತಿ ದೊಡ್ಡ ಹಲ್ಲುಚಕ್ರಕ್ಕೂ ಮಿತಿಯಿದೆ, ಅದರಾಚೆ ಮೇಲಿನ ರಾಟೆ ಹಲ್ಲುಗಳಿಗೇ ತಾಗುತ್ತದೆ. ಜೀ ಆರ್‌ಡಿ ಎರಡು ಬಗೆಯಲ್ಲಿ ಬಂದದ್ದು ಇದಕ್ಕೇ: ಒಂದು ಒತ್ತೊತ್ತಾದ ಚಿಕ್ಕ ಹಲ್ಲುಚಕ್ರಗಳಿಗೆ, ಇನ್ನೊಂದು 36 ಹಲ್ಲಿನವರೆಗೆ ಹರಡಿದವಕ್ಕೆ. ಹೆಸರು ಒಂದೇ ಎಂದು ಕೊಂಡು ತಂದರೆ ಕಷ್ಟ.

ಇನ್ನು ನಮ್ಮ ಊರುಗಳಲ್ಲಿ ಹಣ ಕಳೆಯುವ ಜಾಗಕ್ಕೆ ಬರೋಣ. ಸ್ರ್ಯಾಮ್ ಕಂಪನಿಯ ಡೌನ್‌ಹಿಲ್ ಸರಣಿಗಳಲ್ಲಿ ಹಿಂದೆ ಏಳೇ ಹಲ್ಲುಚಕ್ರ, 10ರಿಂದ 24 ಅಥವಾ 11ರಿಂದ 25. ಅದು ಮುರಿಯಿತೆಂದು ಊರಿನ ಅಂಗಡಿಗೆ ಹೋಗಿ ‘ಏಳು ಸ್ಪೀಡಿನ ಆರ್‌ಡಿ ಕೊಡಿ’ ಎಂದರೆ ಅಂಗಡಿಯವರು ಸಹಜವಾಗಿಯೇ 21 ಗೇರಿನ ಮಾಮೂಲಿ ಸೈಕಲ್ಲಿಗೆ ಹಾಕುವ ಶಿಮಾನೊ ಟೂರ್ನಿ ತೆಗೆದಿಡುತ್ತಾರೆ. ಬೆಲೆಯೂ ಅಗ್ಗ, ಏಳು ಎಂಬ ಅಂಕಿಯೂ ಸರಿಯಿದೆ. ಆದರೆ ಮಾಮೂಲಿ ಏಳು ಗೇರಿನಲ್ಲಿ ಹಲ್ಲುಚಕ್ರಗಳ ನಡುವಿನ ಅಂತರ 5 ಮಿಲಿಮೀಟರ್, ಡೌನ್‌ಹಿಲ್ಲಿನ ಏಳು ಅದಕ್ಕಿಂತ ಒತ್ತೊತ್ತಾಗಿ ಕೂತಿರುತ್ತವೆ. ಅದಕ್ಕಿಂತ ಮುಖ್ಯವಾಗಿ, ಹ್ಯಾಂಡಲ್ ಮೇಲಿನ ಗೇರ್ ಬದಲಿಸುವ ಶಿಫ್ಟರ್ ಕೇಬಲ್ಲನ್ನು ಒಂದು ಮಿಲಿಮೀಟರ್ ಎಳೆದರೆ ಆರ್‌ಡಿ ಎಷ್ಟು ಸರಿಯುತ್ತದೆ ಎಂಬ ಪ್ರಮಾಣವೇ ಬೇರೆ. ಸರಕು ಒಳ್ಳೆಯದೇ ಇರಬಹುದು, ಆ ಶಿಫ್ಟರಿನ ಜೊತೆ ಅದು ಯಾವ ಗೇರಿಗೂ ನೇರ ನಿಲ್ಲುವುದಿಲ್ಲ.

ಈ ಪ್ರಮಾಣ ಒಂದೇ ಕಂಪನಿಯೊಳಗೂ ಬದಲಾಗುತ್ತದೆ. ಶಿಮಾನೊದ ಒಂಬತ್ತು ಗೇರಿನವರೆಗಿನ ಬೆಟ್ಟದ ಆರ್‌ಡಿಗಳಲ್ಲಿ ಅದು ಸುಮಾರು 1.7, ಹತ್ತು ಗೇರಿನವುಗಳಲ್ಲಿ ಸುಮಾರು 1.2. ರಸ್ತೆ ಸೈಕಲ್ಲಿನ ಹತ್ತು ಗೇರಿನಲ್ಲಿ ಹಳೆಯ 1.7 ಹಾಗೆಯೇ ಉಳಿಯಿತು. ಹಲ್ಲುಚಕ್ರಗಳ ನಡುವಿನ ಅಂತರ ಮಾತ್ರ ಎರಡರಲ್ಲೂ ಒಂದೇ. ಹೀಗಾಗಿ ರಸ್ತೆ ಸೈಕಲ್ಲಿನ 11ರಿಂದ 28ರ ಹತ್ತು ಹಲ್ಲುಚಕ್ರಗಳ ಗುಚ್ಛವನ್ನು ಸೇಂಟ್ ಆರ್‌ಡಿಯೊಂದಿಗೆ ನಿಶ್ಚಿಂತೆಯಿಂದ ಬಳಸಬಹುದು, ರಸ್ತೆ ಸೈಕಲ್ಲಿನ ಆರ್‌ಡಿಯನ್ನು ಬೆಟ್ಟದ ಶಿಫ್ಟರಿಗೆ ಕಟ್ಟುವಂತಿಲ್ಲ. ನನ್ನ ಸಲಹೆ ಸರಳ: ಹ್ಯಾಂಡಲ್ ಮೇಲಿರುವ ಶಿಫ್ಟರಿನ ಮಾದರಿ ಸಂಖ್ಯೆಯನ್ನು ಮೊದಲು ಬರೆದುಕೊಳ್ಳಿ, ಆರ್‌ಡಿಯನ್ನು ಅದಕ್ಕೆ ಹೊಂದಿಸಿ. ಬೆಂಗಳೂರಿನಿಂದ ತರಿಸುವಾಗ ಗೇರುಗಳ ಸಂಖ್ಯೆಯ ಬದಲು ಆ ಮಾದರಿ ಸಂಖ್ಯೆಯನ್ನೇ ಹೇಳಿ.

ಕ್ಲಚ್ ಇಲ್ಲದ ಆರ್‌ಡಿಯನ್ನು ಡೌನ್‌ಹಿಲ್ಲಿಗೆ ಕೊಳ್ಳಲೇಬಾರದು. ಬರೀ ಸ್ಪ್ರಿಂಗ್ ಇದ್ದರೆ ಪ್ರತಿ ಕುಲುಕಾಟಕ್ಕೂ ಕೇಜ್ ಮುಂದಕ್ಕೆ ತೂಗಿ ಚೈನು ಸಡಿಲವಾಗುತ್ತದೆ, ಫ್ರೇಮಿಗೆ ಬಡಿಯುತ್ತದೆ, ಕೊನೆಗೆ ಕಳಚಿ ಬೀಳುತ್ತದೆ. ಕ್ಲಚ್ ಆ ಮುಂದಿನ ತೂಗಾಟವನ್ನು ಮಾತ್ರ ತಡೆದು, ಹಿಂದಕ್ಕೆ ಎಳೆದುಕೊಳ್ಳಲು ಬಿಡುತ್ತದೆ. ಶಿಮಾನೊ ಇದನ್ನು 2011ರಲ್ಲಿ ತಂದಿತು, ಸ್ರ್ಯಾಮ್ ಮರುವರ್ಷ. ಶಿಮಾನೊದ ಹೆಚ್ಚಿನವುಗಳಲ್ಲಿ ಅದನ್ನು ಹಾಕಿ ತೆಗೆಯಲು ಪುಟ್ಟ ಲಿವರ್ ಇದೆ. ಚಕ್ರ ಬಿಚ್ಚಲೆಂದು ತೆಗೆದವರು ಮತ್ತೆ ಹಾಕಲು ಮರೆಯುವುದು ಮಾಮೂಲು.

ಇಷ್ಟೆಲ್ಲ ಹುಡುಕುವ ಮೊದಲು ಹ್ಯಾಂಗರ್ ನೋಡಿ. ಆರ್‌ಡಿಯನ್ನು ಫ್ರೇಮಿಗೆ ಕಚ್ಚಿಸುವ ಅಲ್ಯೂಮಿನಿಯಂ ತುಂಡು ಅದು. ಪೆಟ್ಟು ಬಿದ್ದಾಗ ಫ್ರೇಮ್ ಉಳಿಯಲೆಂದು ತಾನು ಬಾಗುವುದೇ ಅದರ ಧರ್ಮ. ಸೈಕಲ್ಲಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ನೋಡಿದರೆ ಎರಡೂ ರಾಟೆಗಳು ಮೇಲಿನ ಹಲ್ಲುಚಕ್ರದ ನೇರಕ್ಕೆ ಕಾಣಬೇಕು. ಕೆಳಗಿನ ರಾಟೆ ಕಡ್ಡಿಗಳ ಕಡೆ ವಾಲಿದ್ದರೆ ಸಾಮಾನ್ಯವಾಗಿ ಕೆಟ್ಟಿರುವುದು ಹ್ಯಾಂಗರ್, ಆರ್‌ಡಿ ಇನ್ನೂ ಚೆನ್ನಾಗಿರಬಹುದು. ಬಾಗಿದ್ದಕ್ಕೇ ಹೊಸ ಆರ್‌ಡಿ ಹಾಕಿದರೆ ದೊಡ್ಡ ಹಲ್ಲುಚಕ್ರಕ್ಕೆ ದಾಟಿಸಿದ ಮೊದಲ ಸಲವೇ ಅದು ಕಡ್ಡಿಗಳೊಳಗೆ ಸಿಕ್ಕಿಕೊಂಡು ಪುಡಿಯಾದೀತು. ಒಂದು ಕಾಲದಲ್ಲಿ ಫ್ರೇಮಿಗೊಂದು ಹ್ಯಾಂಗರ್ ಎನ್ನುವಂತಿತ್ತು. 2019ರಲ್ಲಿ ಸ್ರ್ಯಾಮ್ ತಂದ ಯುಡಿಎಚ್ (ಯೂನಿವರ್ಸಲ್ ಡಿರೈಲರ್ ಹ್ಯಾಂಗರ್) ಎಂಬ ಸಾಮಾನ್ಯ ನಮೂನೆಯನ್ನು ಆಮೇಲೆ ಹಲವು ಕಂಪನಿಗಳು ಒಪ್ಪಿಕೊಂಡವು. ಹಳೆಯ ಫ್ರೇಮಿನವರು ಬಿಡಿ ಹ್ಯಾಂಗರ್ ಒಂದನ್ನು ಚೀಲದಲ್ಲಿಟ್ಟುಕೊಳ್ಳಬೇಕು, ಚಿಕ್ಕಬಳ್ಳಾಪುರದಲ್ಲಿ ಅದು ಸಿಕ್ಕೀತೆಂದು ನಂಬಿ ಹೊರಡಬಾರದು.

ಜೋಡಿಸುವಾಗ ಚೈನಿನ ಉದ್ದದ ವಿಷಯದಲ್ಲಿ ಅವಸರ ಬೇಡ. ಡೌನ್‌ಹಿಲ್ ಸೈಕಲ್ಲಿನ ಹಿಂಚಕ್ರ ಸುಮಾರು 200 ಮಿಲಿಮೀಟರ್ ಮೇಲೆ ಕೆಳಗೆ ಆಡುತ್ತದೆ, ಹಾಗೆ ಆಡುವಾಗ ಹೆಚ್ಚಿನ ಫ್ರೇಮುಗಳಲ್ಲಿ ಪೆಡಲಿನ ಅಕ್ಷಕ್ಕೂ ಹಿಂಚಕ್ರಕ್ಕೂ ನಡುವಿನ ದೂರ ಹಿಗ್ಗುತ್ತದೆ. ಆದ್ದರಿಂದ ಶಾಕ್‌ನ ಸ್ಪ್ರಿಂಗ್ ತೆಗೆದೋ ಗಾಳಿ ಬಿಟ್ಟೋ, ಹಿಂಬದಿಯನ್ನು ಪೂರ್ತಿ ಒತ್ತಿ, ಚೈನು ದೊಡ್ಡ ಹಲ್ಲುಚಕ್ರದ ಮೇಲಿರುವಾಗ ಅಳತೆ ತೆಗೆಯಬೇಕು. ನಿಂತ ಸ್ಥಿತಿಯಲ್ಲಿ ಅಳೆದು ಗಿಡ್ಡ ಮಾಡಿದ ಚೈನು ಮೊದಲ ದೊಡ್ಡ ಹಾರಿಕೆಯಲ್ಲೇ ಹೊಸ ಆರ್‌ಡಿಯನ್ನು ಕಿತ್ತುಹಾಕಬಲ್ಲದು.

ಹಳೆಯದನ್ನು ಕೊಳ್ಳುವವರು ಆರ್‌ಡಿಯ ನಡುಭಾಗವನ್ನು ಹಿಡಿದು ಅಲುಗಾಡಿಸಿ ನೋಡಲಿ. ಕೀಲುಗಳಲ್ಲಿ ಗಡಗಡ ಎಂದರೆ ಬೇಡ. ಕೇಜನ್ನು ಮುಂದಕ್ಕೆ ತಳ್ಳಿದಾಗ ಕ್ಲಚ್ ಕೈಗೆ ಪ್ರತಿರೋಧ ಕೊಡಬೇಕು. ಶಿಮಾನೊದ ಮೇಲಿನ ರಾಟೆ ಪಕ್ಕಕ್ಕೆ ತುಸು ಆಡಿದರೆ ಅದು ಸವೆದಿದೆಯೆಂದು ಬೆಲೆ ಇಳಿಸಲು ಹೋಗಬೇಡಿ, ಚೈನು ತಾನಾಗಿ ನೇರ ಕೂರಲೆಂದು ಕಂಪನಿಯೇ ಅದಕ್ಕೆ ಅಷ್ಟು ಸಡಿಲ ಕೊಟ್ಟಿರುತ್ತದೆ.