ಮುಳ್ಳು ಪಾದದಲ್ಲಿ, ಗಂಟು ತೊಡೆಸಂದಿಯಲ್ಲಿ

ಕಾಲಿಗೆ ಮುಳ್ಳು ಚುಚ್ಚಿ ಕೀವಾದರೆ ಎರಡು ಮೂರು ದಿನದಲ್ಲಿ ತೊಡೆಸಂದಿಯಲ್ಲಿ ಗಂಟು ಕಟ್ಟುತ್ತದೆ. ಅದು ದುಗ್ಧಗ್ರಂಥಿ (ಲಿಂಫ್ ನೋಡ್). ಪಾದದ ಸುದ್ದಿಯನ್ನು ಅಷ್ಟು ಮೇಲಕ್ಕೆ ಮುಟ್ಟಿಸಿದ್ದು ಯಾರು?

1868ರಲ್ಲಿ ಬರ್ಲಿನ್‌ನ ವೈದ್ಯಕೀಯ ವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹಾನ್ಸ್ ಚರ್ಮದ ತುಣುಕಿಗೆ ಚಿನ್ನದ ಲವಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ರೆಂಬೆ ಚಾಚಿದ ಮರದಂಥ ಕೋಶಗಳು ಕಂಡವು. ನರಕ್ಕೆ ಸೇರಿದ್ದಿರಬೇಕು ಅಂದುಕೊಂಡರು. 1973ರಲ್ಲಿ ನ್ಯೂಯಾರ್ಕ್‌ನ ರಾಲ್ಫ್ ಸ್ಟೈನ್‌ಮನ್ ಮತ್ತು ಝಾನ್ವಿಲ್ ಕೋನ್ ಇಲಿಯ ಗುಲ್ಮದಲ್ಲಿ (ಸ್ಪ್ಲೀನ್) ಇಂಥದೇ ರೆಂಬೆಯ ಕೋಶ ಕಂಡು ಡೆಂಡ್ರಿಟಿಕ್ ಕೋಶ ಎಂದು ಹೆಸರಿಟ್ಟರು. ರೋಗಾಣುವಿನ ಚೂರನ್ನು ಟಿ ಕೋಶಗಳಿಗೆ, ಅಂದರೆ ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳಿಗೆ, ತೋರಿಸಿ ಎಚ್ಚರಿಸುವುದು ಇದರ ಕೆಲಸ. ಲ್ಯಾಂಗರ್‌ಹಾನ್ಸ್ ಕಂಡದ್ದೂ ಇದೇ ಕೆಲಸ ಮಾಡುವ ಕೋಶವನ್ನೇ.

ಆದರೆ ಇನ್ನೂ ಶತ್ರುವನ್ನು ಕಾಣದ ಟಿ ಕೋಶಗಳು ಕಾದಿರುವುದು ದುಗ್ಧಗ್ರಂಥಿಯಲ್ಲಿ. ರೋಗಾಣು ಸಿಕ್ಕಿದ್ದು ಚರ್ಮದಲ್ಲಿ. ಕಣ್ಣಿಲ್ಲದ ಕೋಶಕ್ಕೆ ದಾರಿ ಹೇಗೆ ಗೊತ್ತು?

ವಾಸನೆ ಹಿಡಿದು ಹೋಗುತ್ತದೆ ಅನ್ನಬಹುದು. ಕೀಮೋಕೈನ್ ಎಂಬ ಪುಟ್ಟ ಪ್ರೋಟೀನುಗಳೇ ಆ ವಾಸನೆ, ಕೋಶದ ಮೈಮೇಲಿನ ರಿಸೆಪ್ಟರ್‌ಗಳೇ ಮೂಗು. 1998ರಲ್ಲಿ ಬಾಸೆಲ್‌ನ ಫೆಡರಿಕಾ ಸಲ್ಲುಸ್ಟೊ ಮತ್ತು ಸಂಗಡಿಗರು ತೋರಿಸಿದ್ದು ನನಗೆ ಇಂದಿಗೂ ಬೆರಗಿನ ವಿಷಯ. ಎಳೆಯ ಡೆಂಡ್ರಿಟಿಕ್ ಕೋಶದ ಮೇಲೆ ಸಿಸಿಆರ್1, ಸಿಸಿಆರ್5 ಎಂಬ ರಿಸೆಪ್ಟರ್‌ಗಳು ಇರುತ್ತವೆ. ಅವು ಅದನ್ನು ಉರಿಯೂತದ ಕಡೆ ಎಳೆಯುತ್ತವೆ. ಅಪಾಯದ ಸುಳಿವು ಸಿಕ್ಕ ಕೆಲವೇ ಗಂಟೆಗಳಲ್ಲಿ ಅವು ಮರೆಯಾಗಿ, ಸಿಸಿಆರ್7 ಎಂಬ ಇನ್ನೊಂದು ಮೇಲೇಳುತ್ತದೆ. ಕೋಶ ಅದೇ, ಮೂಗು ಮಾತ್ರ ಬೇರೆ! ಈಗ ಅದನ್ನು ಕರೆಯುವುದು ದುಗ್ಧನಾಳದ ಗೋಡೆಯಿಂದ ಒಸರುವ ಸಿಸಿಎಲ್21 ಎಂಬ ಕೀಮೋಕೈನ್. ಅದರ ಜಾಡಿನಲ್ಲಿ ಕೋಶ ತೆವಳುತ್ತಾ ನಾಳದೊಳಗೆ ನುಸುಳಿ ಗ್ರಂಥಿ ಸೇರುತ್ತದೆ. ಅಲ್ಲಿ ಟಿ ಕೋಶಗಳು ಹೆಚ್ಚುತ್ತವೆ. ಗಂಟು ಊದಲು ಅದೂ ಒಂದು ಕಾರಣ.

ಮರುವರ್ಷ, ಲ್ಯಾಂಗರ್‌ಹಾನ್ಸ್ ಓದಿದ ಬರ್ಲಿನ್‌ನಲ್ಲೇ, ರೈನ್‌ಹೋಲ್ಡ್ ಫೋರ್ಸ್ಟರ್ ಮತ್ತು ಜೊತೆಗಾರರು ಸಿಸಿಆರ್7 ಇಲ್ಲದ ಇಲಿಗಳನ್ನು ಬೆಳೆಸಿದರು. ಡೆಂಡ್ರಿಟಿಕ್ ಕೋಶಗಳು ಗ್ರಂಥಿ ಮುಟ್ಟಲಿಲ್ಲ. ರೋಗನಿರೋಧಕ ಪ್ರತಿಕ್ರಿಯೆ ತಡವಾಯಿತು.

ಯುದ್ಧ ಸಾರುವುದಷ್ಟೇ ಸಿಸಿಆರ್7 ಕೆಲಸ ಅಂತ ಸುಮ್ನೆ ಅಂದುಕೊಳ್ಳಬಾರದು. ಸೋಂಕಿಲ್ಲದ ದಿನಗಳಲ್ಲೂ ಕೆಲವು ಕೋಶಗಳು ಇದೇ ದಾರಿ ಹಿಡಿದು, 'ಇದು ನಮ್ಮದೇ, ಬಿಡಿ' ಎಂದು ನಮ್ಮ ಮೈಯ ಚೂರುಗಳನ್ನೇ ತೋರಿಸುತ್ತವೆ.

ಕ್ಯಾನ್ಸರ್‌ಗೆಂದು ಲ್ಯಾಬ್‌ನಲ್ಲಿ ಬೆಳೆಸಿ, ಟಿ ಕೋಶಗಳನ್ನು ಗೆಡ್ಡೆಯ ವಿರುದ್ಧ ಎಚ್ಚರಿಸಲೆಂದು ಚುಚ್ಚಿದ ಡೆಂಡ್ರಿಟಿಕ್ ಕೋಶಗಳಲ್ಲಿ ಗ್ರಂಥಿ ತಲುಪುವುದು ನೂರಕ್ಕೆ ಐದಕ್ಕಿಂತ ಕಡಿಮೆ. ಉಳಿದವು ಚುಚ್ಚಿದಲ್ಲೇ ಸಾಯುತ್ತವೆ. 2015ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡ ಮಿದುಳಿನ ಗೆಡ್ಡೆಯಿದ್ದ 12 ಜನರ ಪುಟ್ಟ ಪ್ರಯೋಗದ ಫಲ ಪ್ರಕಟಿಸಿತು. ಕೆಲವರಿಗೆ ಈ ಕೋಶಗಳನ್ನು ಚುಚ್ಚುವ ಹಿಂದಿನ ದಿನವೇ ಅದೇ ಜಾಗಕ್ಕೆ ಧನುರ್ವಾಯು ಲಸಿಕೆ ಕೊಟ್ಟಿದ್ದರು. ಮುಳ್ಳು ಚುಚ್ಚಿದಾಗ ನಾವು ಓಡಿಹೋಗಿ ಹಾಕಿಸಿಕೊಳ್ತೀವಲ್ವಾ, ಆ ಟಿಟಿಯ ಜಾತಿಯದ್ದೇ. ಅವರಲ್ಲಿ ಗ್ರಂಥಿ ಸೇರಿದ ಕೋಶಗಳು ಜಾಸ್ತಿ. ಅವರು ಬದುಕಿದ್ದೂ ಜಾಸ್ತಿ ದಿನ.