ಲೀಡರ್ ಮಾಗೋದು ಹೇಗೆ: ನಮ್ಮ ಪುಣೆ ಗುಂಪಿನ ಭಾನುವಾರದ ಟಿಪ್ಪಣಿ

ಹೋದ ಭಾನುವಾರ ಬರೋಕಾಗದ ಮೂರು ಜನಕ್ಕೆ, ಆಮೇಲೆ ಬಂದು ಕೂತೂ ಮೊಬೈಲ್ ನೋಡ್ತಿದ್ದ ಇಬ್ಬರಿಗೆ ಈ ನೋಟ್ಸ್. ವಿಷಯ, ಲೀಡರ್ ಆದವನ ವೈಯಕ್ತಿಕ ಪ್ರಬುದ್ಧತೆ. ಪ್ರಬುದ್ಧತೆ ಅಂತ ಬರೆದ್ರೆ ರಾಜ್ಯೋತ್ಸವದ ಭಾಷಣ ಥರ ಕೇಳುತ್ತೆ, ಅದಕ್ಕೆ ನಾನು ಮಾಗೋದು ಅಂತಾನೇ ಬರೀತೀನಿ.

ಮಾಗೋದು ಅಂದ ತಕ್ಷಣ ಪುಣೆಯಲ್ಲಿ ಇರೋರಿಗೆ ಮಾರ್ಕೆಟ್ ಯಾರ್ಡ್ ಹಾಪೂಸ್ ಮಾವಿನ ಪೇಟಿ ನೆನಪಾಗ್ಬೇಕು. ಹುಲ್ಲಲ್ಲಿ ಇಟ್ಟು ನಿಧಾನಕ್ಕೆ ಹಣ್ಣಾಗಿದ್ದು ಒಂದು, ಕಾರ್ಬೈಡ್ ಇಟ್ಟು ರಾತ್ರೋರಾತ್ರಿ ಹಳದಿ ಮಾಡಿದ್ದು ಇನ್ನೊಂದು (ಕಾರ್ಬೈಡ್ ಹಾಕೋದು ಕಾನೂನು ಪ್ರಕಾರ ನಿಷೇಧ, ಆದ್ರೂ ಹಾಕ್ತಾರೆ). ಹೊರಗಿಂದ ಎರಡೂ ಒಂದೇ ಥರ, ಕೊಯ್ದ ಮೇಲೆ ಗೊತ್ತಾಗೋದು ಒಳಗೆ ಬೆಳ್ಳಗೆ ಹುಳಿಹುಳಿ ಅಂತ. ನಮ್ಮ ಐಟಿಯಲ್ಲಿ ಪ್ರಮೋಷನ್ ಬಹಳಷ್ಟು ಸಲ ಕಾರ್ಬೈಡೇ. ಕೋಡ್ ಚೆನ್ನಾಗಿ ಬರೀತಾನೆ, ಹಾಗಾದ್ರೆ ಎಂಟು ಜನರನ್ನ ಕೊಡಿ ಇವನಿಗೆ, ಅಂತ. ನನ್ನನ್ನೂ ಹಾಗೇ ಮಾಡಿದ್ರು, ಆರನೇ ವರ್ಷಕ್ಕೆ.

ನನ್ನ ಕಥೆ ಮೊದಲು ಹೇಳ್ಬಿಡ್ತೀನಿ, ಯಾಕಂದ್ರೆ ಮುಂದಿನದಕ್ಕೆಲ್ಲಾ ಇದನ್ನೇ ಉದಾಹರಣೆ ತಗೋತೀನಿ. ಪುಣೆಯ ಐಟಿ ಏರಿಯಾ ಹಿಂಜವಡಿಯಲ್ಲಿ, ಶುಕ್ರವಾರ ರಾತ್ರಿ ರಿಲೀಸ್, ಟೆಸ್ಟಿಂಗ್‌ಗೆ ಎರಡು ದಿನ ಅಂತ ಇದ್ದಿದ್ದನ್ನ ಒಂದು ದಿನ ಮಾಡಿದ್ದು ನಾನೇ, ಕ್ಲೈಂಟ್‌ಗೆ ಡೇಟ್ ಕೊಟ್ಟಿದ್ದೆ ಅಂತ. ಸೋಮವಾರ ಬೆಳಗ್ಗೆ ಪ್ರೊಡಕ್ಷನ್‌ನಲ್ಲಿ, ಅಂದ್ರೆ ಕ್ಲೈಂಟ್ ನಿಜವಾಗ್ಲೂ ಬಳಸೋ ಸಿಸ್ಟಮ್‌ನಲ್ಲಿ, ಒಡೀತು. ಕಾಲ್‌ನಲ್ಲಿ ಕ್ಲೈಂಟ್ ಕೇಳಿದ, ಹೇಗಾಯ್ತು ಇದು. ನಾನು ಒಂದು ಸೆಕೆಂಡೂ ಯೋಚಿಸದೆ ಟೆಸ್ಟಿಂಗ್‌ನಲ್ಲಿ ಮಿಸ್ ಆಗಿದೆ ಅಂದೆ. ಆ ಟೆಸ್ಟಿಂಗ್ ಮಾಡಿದ ವಿಜಯಪುರದ ಹುಡುಗ ಅದೇ ಕಾಲ್‌ನಲ್ಲಿ ಮ್ಯೂಟ್‌ನಲ್ಲಿದ್ದ. ಅವನು ಏನೂ ಅನ್ಲಿಲ್ಲ. ಆದ್ರೆ ಅವತ್ತಿಂದ ನಾನೇನು ಕೇಳಿದ್ರೂ ಹಾಂ ಸರ್, ಆಯ್ತು ಸರ್, ಅಷ್ಟೇ. ಮೊದಲು ಕ್ಯಾಂಟೀನ್‌ನಲ್ಲಿ ಮನೆಯಿಂದ ತಂದ ಜೋಳದ ರೊಟ್ಟಿ ಶೇಂಗಾ ಚಟ್ನಿ ಹಂಚಿ ತಿಂತಿದ್ವಿ, ಅದೂ ನಿಂತೋಯ್ತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದೆ, ನೆಲ ಡೊಂಕು ಮಾಡಿದವನೂ ನಾನೇ. ಊಟ ನಂದು, ಬಿಲ್ಲು ಅವನ ಟೇಬಲ್‌ಗೆ. ನನ್ನ ಲೆಕ್ಕದಲ್ಲಿ ಲೀಡರ್ ಮಾಗಿದಾನೋ ಇಲ್ವೋ ಅಂತ ನೋಡೋಕೆ ಇದೊಂದೇ ಅಳತೆ ಸಾಕು: ತಪ್ಪಿನ ಬಿಲ್ಲು ಯಾರ ಟೇಬಲ್‌ಗೆ ಹೋಗ್ತಿದೆ. ಶಾಂತವಾಗಿ ಮಾತಾಡ್ತಾನೆ, ಧ್ಯಾನ ಮಾಡ್ತಾನೆ, ದನಿ ಏರಿಸಲ್ಲ, ಇದೆಲ್ಲಾ ಆಮೇಲೆ. ದನಿ ಏರಿಸದೆ ನೀಟಾಗಿ ಕೆಳಗಿನವರ ತಲೆಗೆ ಕಟ್ಟೋರನ್ನ ನಾನು ಬೇಕಾದಷ್ಟು ನೋಡಿದೀನಿ.

ಈಗ ಥಿಯರಿ. ಕ್ರಿಸ್ ಆರ್ಗಿರಿಸ್ ಅಂತ ಹಾರ್ವರ್ಡ್‌ನಲ್ಲಿ ಇದ್ದ ಪ್ರೊಫೆಸರ್, ಡೊನಾಲ್ಡ್ ಶೋನ್ ಜೊತೆ ಸೇರಿ 1970ರ ದಶಕದಲ್ಲಿ ಒಂದು ವಿಷಯ ಹೇಳಿದ್ರು. ಪ್ರತಿ ಮನುಷ್ಯನ ಹತ್ರ ಎರಡು ಸಿದ್ಧಾಂತ ಇರುತ್ತೆ, ಬಾಯಲ್ಲಿ ಹೇಳೋದು ಒಂದು, ನಡವಳಿಕೆಯಲ್ಲಿ ನಿಜವಾಗ್ಲೂ ಓಡ್ತಿರೋದು ಇನ್ನೊಂದು, ಎರಡನೇದು ಸಾಮಾನ್ಯವಾಗಿ ಅವನಿಗೇ ಗೊತ್ತಿರಲ್ಲ. ನಾನು ಬಾಯಲ್ಲಿ ಹೇಳ್ತಿದ್ದಿದ್ದು ಟೀಮ್ ಮೊದಲು ಅಂತ, ಒಳಗೆ ಓಡ್ತಿದ್ದಿದ್ದು ಕ್ಲೈಂಟ್ ಮುಂದೆ ನನ್ನ ಮುಖ ಕೆಂಪಾಗಬಾರದು ಅಂತ. ಇವರೇ ಹೇಳಿದ ಇನ್ನೊಂದು, ಸಿಂಗಲ್ ಲೂಪ್ ಡಬಲ್ ಲೂಪ್ ಕಲಿಕೆ. ಥರ್ಮೋಸ್ಟಾಟ್ ಉದಾಹರಣೆ ಕೊಡ್ತಾರೆ: 25 ಡಿಗ್ರಿಗೆ ಇಟ್ರೆ ಜಾಸ್ತಿ ಕಮ್ಮಿ ಆದಾಗ ಸರಿ ಮಾಡ್ಕೊಳ್ಳುತ್ತೆ, ಅದು ಸಿಂಗಲ್. ಈ 25 ಯಾಕೆ, ಯಾರು ಇಟ್ರು, ಇದೇ ಸರೀನಾ ಅಂತ ಕೇಳೋದು ಡಬಲ್. ಆ ಸೋಮವಾರ ನಾನು ಮಾಡಿದ್ದು ಟೆಸ್ಟ್ ಚೆಕ್‌ಲಿಸ್ಟ್‌ಗೆ ಇನ್ನೂ ಹನ್ನೆರಡು ಸಾಲು ಸೇರಿಸಿದ್ದು, ಪಕ್ಕಾ ಸಿಂಗಲ್ ಲೂಪು. ಕೇಳ್ಬೇಕಾಗಿದ್ದ ಪ್ರಶ್ನೆ, ನಾನು ಯಾಕೆ ಯಾರನ್ನೂ ಕೇಳದೆ ಡೇಟ್ ಕೊಡ್ತೀನಿ ಅನ್ನೋದು.

ಎರಡನೇದು ರಾಬರ್ಟ್ ಕೀಗನ್, ಇವರೂ ಹಾರ್ವರ್ಡ್. ದೊಡ್ಡವರಾದ ಮೇಲೂ ಮನಸ್ಸು ಬೆಳೀತಾನೇ ಇರುತ್ತೆ, ಎತ್ತರ ನಿಂತಂಗೆ ನಿಲ್ಲಲ್ಲ ಅಂತ 1980ರ ದಶಕದಿಂದ ಹೇಳ್ತಾ ಬಂದವರು. ಬೆಳೆಯೋದು ಅಂದ್ರೆ ಇವರ ಪ್ರಕಾರ, ಯಾವುದರ ಒಳಗೆ ನಾವು ಮುಳುಗಿದ್ವೋ ಅದನ್ನ ಕೈಯಲ್ಲಿ ಹಿಡಿದು ನೋಡೋ ಹಂಗೆ ಆಗೋದು. ಇದನ್ನ ಸ್ಲೈಡ್‌ನಲ್ಲಿ ಓದಿದಾಗ ಯಾರಿಗೂ ಅರ್ಥ ಆಗ್ಲಿಲ್ಲ, ಆಮೇಲೆ ನಮ್ಮ ಗುಂಪಿನ ಧಾರವಾಡದ ಅಕ್ಕ ಒಂದು ಮಾತು ಹೇಳಿದ್ರು, ಅಲ್ಲಿಗೆ ಎಲ್ಲಾ ಕ್ಲಿಯರ್. ಇಂಗ್ಲಿಷ್‌ನಲ್ಲಿ ಐ ಆಮ್ ಆಂಗ್ರಿ, ನಾನೇ ಕೋಪ ಅನ್ನೋ ಥರ. ಕನ್ನಡದಲ್ಲಿ ನನಗೆ ಸಿಟ್ಟು ಬಂತು. ಸಿಟ್ಟು ಎಲ್ಲಿಂದಲೋ ಬಂತು, ನೆಂಟರ ಥರ, ನಾನು ಬಾಗಿಲಲ್ಲಿ ನಿಂತಿದೀನಿ. ನನಗೆ ಭಯ ಆಯ್ತು, ನನಗೆ ನಾಚಿಕೆ ಆಯ್ತು, ಎಲ್ಲದಕ್ಕೂ ನನಗೆ, ನನಗೆ. ವ್ಯಾಕರಣ ನಮಗೆ ಮೊದಲೇ ಒಂದು ಗೇಣು ದೂರ ಇಟ್ಟುಕೊಟ್ಟಿದೆ, ನಾವು ಆ ದೂರ ಬಳಸ್ಕೊಳ್ಳಲ್ಲ ಅಷ್ಟೇ. ಬಂದ ನೆಂಟರನ್ನ ನೇರ ಕರ್ಕೊಂಡು ಹೋಗಿ ಪಕ್ಕದವರ ಮನೇಲಿ ಇಳಿಸ್ತೀವಿ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ.

ಕೀಗನ್ ಹಂತಗಳು ಐದು, ನಮಗೆ ಬೇಕಾಗಿರೋದು ಕೊನೇ ಮೂರು. ಒಂದು, ಸುತ್ತಲಿನವರು ಹೇಳಿದಂಗೆ ನಡೆಯೋ ಮನಸ್ಸು, ಬಾಸ್ ಖುಷಿ ಅಂದ್ರೆ ನಾನು ಸರಿ. ಎರಡು, ತನ್ನ ದಾರಿ ತಾನೇ ಬರ್ಕೊಳ್ಳೋ ಮನಸ್ಸು, ಬಾಸ್ ಮುಖ ಊದಿಸ್ಕೊಂಡ್ರೂ ನನ್ನ ಅಳತೆ ನನ್ನ ಹತ್ರ ಇದೆ. ಮೂರು, ತಾನು ಬರೆದ ದಾರಿಯನ್ನೇ ದೂರ ನಿಂತು ನೋಡಿ, ಇದೂ ಪೂರ್ತಿ ಅಲ್ಲ ಅಂತ ಒಪ್ಪಬಲ್ಲ ಮನಸ್ಸು. ಇದನ್ನ ಮೆಟ್ಟಿಲು ಅಂತ ತಗೊಂಡು ನಾನು ಎರಡನೇದರಲ್ಲಿ ಇದೀನಿ ನೀನು ಒಂದನೇದರಲ್ಲಿ ಅಂತ ಶುರು ಮಾಡಬೇಡಿ, ಹೋದ ವಾರ ಅರ್ಧ ಗಂಟೆ ಅದರಲ್ಲೇ ಹೋಯ್ತು.

ಈಗ ಗೋಖಲೆ. ನನಗೆ ಇಡೀ ದಿನದಲ್ಲಿ ಇಷ್ಟ ಆಗಿದ್ದು ಇದೇ. ಬೆಂಗಳೂರಿಂದ ಬಂದವರಿಗೆ ಗೋಖಲೆ ಸಂಸ್ಥೆ ಅಂದ್ರೆ ಬಸವನಗುಡಿ, ಡಿವಿಜಿ 1945ರಲ್ಲಿ ಶುರು ಮಾಡಿದ್ದು. ಇಲ್ಲಿ ಪುಣೆಯಲ್ಲಿ ಗೋಖಲೆ ಇನ್‌ಸ್ಟಿಟ್ಯೂಟ್ ಅಂದ್ರೆ 1930ರ ಅರ್ಥಶಾಸ್ತ್ರದ ಸಂಸ್ಥೆ, ಡೆಕ್ಕನ್ ಕಡೆ. ಎರಡೂ ಒಬ್ಬರ ಹೆಸರಲ್ಲೇ, ಗೋಪಾಲ ಕೃಷ್ಣ ಗೋಖಲೆ, ಫರ್ಗ್ಯುಸನ್ ಕಾಲೇಜಿನ ಮೇಷ್ಟ್ರು.

1897. ಪುಣೆಯಲ್ಲಿ ಪ್ಲೇಗು. ರ್‍ಯಾಂಡ್ ಅನ್ನೋ ಅಧಿಕಾರಿ ಕೈಕೆಳಗೆ ಸೈನಿಕರು ಮನೆಮನೆ ನುಗ್ಗಿ ರೋಗಿಗಳನ್ನ ಹುಡುಕ್ತಿದ್ರು, ಜನ ರೊಚ್ಚಿಗೆದ್ದಿದ್ರು. ಜೂನ್ 22ರ ರಾತ್ರಿ ಗಣೇಶಖಿಂಡ್ ರಸ್ತೆಯಲ್ಲಿ ಚಾಫೇಕರ್ ಸಹೋದರರು ಅವನಿಗೆ ಗುಂಡು ಹೊಡೆದ್ರು (ನಾವು ದಿನಾ ಯೂನಿವರ್ಸಿಟಿ ಚೌಕದ ಟ್ರಾಫಿಕ್‌ನಲ್ಲಿ ನಿಂತು ಬೈಕೊಳ್ಳೋದು ಅದೇ ರಸ್ತೆ). ಗೋಖಲೆ ಆಗ ಇಂಗ್ಲೆಂಡ್‌ನಲ್ಲಿ, ಭಾರತದ ಖರ್ಚುವೆಚ್ಚದ ಬಗ್ಗೆ ವೆಲ್ಬಿ ಆಯೋಗದ ಮುಂದೆ ಸಾಕ್ಷಿ ಹೇಳೋಕೆ ಹೋಗಿದ್ರು, ವಯಸ್ಸು 31. ಪುಣೆಯ ಸ್ನೇಹಿತರು ಪತ್ರ ಬರೆದ್ರು, ಸೈನಿಕರು ಇಬ್ಬರು ಹೆಂಗಸರ ಮಾನಭಂಗ ಮಾಡಿದಾರೆ, ಒಬ್ಬಾಕೆ ಪ್ರಾಣ ಕಳ್ಕೊಂಡಿದಾಳೆ ಅಂತ. ಗೋಖಲೆ ಇದನ್ನ ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಗೆ ಹೇಳಿಬಿಟ್ರು. ಅಲ್ಲಿ ದೊಡ್ಡ ಗಲಾಟೆ. ವಾಪಸ್ ಬಂದು ಸಾಕ್ಷಿ ಎಲ್ಲಿ ಅಂತ ಕೇಳಿದ್ರೆ ಪತ್ರ ಬರೆದವರ ಹತ್ರ ಸಾಬೀತು ಮಾಡೋ ಹಂಥದ್ದು ಏನೂ ಇಲ್ಲ.

ಈಗ ನಮ್ಮಲ್ಲಿ ಯಾರಾದ್ರೂ ಆಗಿದ್ರೆ ಏನು ಮಾಡ್ತಿದ್ವಿ ಹೇಳಿ. ಫಾರ್ವರ್ಡ್ ಆಗಿ ಬಂದಿತ್ತು ಸರ್, ಕಳಿಸಿದವರು ಇವರು, ಅಂತ ಸ್ಕ್ರೀನ್‌ಶಾಟ್ ಹಾಕ್ತಿದ್ವಿ. ಗೋಖಲೆ ಗವರ್ನರ್‌ಗೆ, ಪ್ಲೇಗ್ ಕಮಿಟಿಗೆ, ಸೈನಿಕರಿಗೆ, ಷರತ್ತಿಲ್ಲದ ಕ್ಷಮಾಪಣೆ ಬರೆದು ಪ್ರಕಟಿಸಿದ್ರು, ಪತ್ರ ಬರೆದ ಸ್ನೇಹಿತರ ಹೆಸರು ಬಿಟ್ಟುಕೊಡ್ಲಿಲ್ಲ. ಬಿಲ್ಲು ಪೂರ್ತಿ ತಮ್ಮ ಟೇಬಲ್‌ಗೇ. ಇಂಗ್ಲೆಂಡ್‌ನವರು ಸುಳ್ಳುಗಾರ ಅಂದ್ರು, ಇಲ್ಲಿಯವರು ಹೇಡಿ ಅಂದ್ರು. ಆಮೇಲೆ ಪ್ಲೇಗ್ ಪರಿಹಾರ ಕೆಲಸಕ್ಕೆ ಇವರೇ ಸ್ವಯಂಸೇವಕರಾಗಿ ನಿಂತ್ರು.

ಇಲ್ಲಿ ಜೋರು ವಾದ ಆಯ್ತು, ಬರದೇ ಇದ್ದೋರು ಮಿಸ್ ಮಾಡ್ಕೊಂಡ್ರಿ. ಪಿಂಪ್ರಿಯಿಂದ ಬರೋ ಅಣ್ಣ ಹೇಳಿದ್ದು, ಇದು ಮಾಗಿದ್ದೂ ಅಲ್ಲ ಮಣ್ಣೂ ಅಲ್ಲ, ಸೈನಿಕರ ದಬ್ಬಾಳಿಕೆ ಬಗ್ಗೆ ಜನರ ದೂರು ನಿಜಾನೇ ಇತ್ತು, ಒಂದು ಆರೋಪಕ್ಕೆ ಸಾಕ್ಷಿ ಸಿಗ್ಲಿಲ್ಲ ಅಂತ ದಬ್ಬಾಳಿಕೆ ಮಾಡಿದವರಿಗೇ ಕ್ಷಮೆ ಕೇಳಿದ್ರೆ ನೊಂದವರ ಗತಿ ಏನು. ಇದಕ್ಕೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ, ಅಣ್ಣನ ಮಾತಲ್ಲಿ ತೂಕ ಇದೆ. ನಾನು ಹೇಳಿದ್ದು ಇಷ್ಟು: ಮೇಲಿನವರಿಗೆ ಸಾರಿ ಹೇಳೋದು ಆಫೀಸ್‌ನಲ್ಲಿ ನಮಗೆಲ್ಲಾ ನೀರು ಕುಡಿದಂಗೆ, ಸಾರಿ ಸರ್ ಅಂದ್ರೆ ಕೆಲಸ ಉಳಿಯುತ್ತೆ. ಗೋಖಲೆ ವಿಷಯದಲ್ಲಿ ಸರ್ಕಾರಕ್ಕೆ ಕ್ಷಮೆ ಕೇಳಿದ್ರೆ ಕಳ್ಕೊಳ್ಳೋದು ತಮ್ಮ ಜನರ ಚಪ್ಪಾಳೆಯನ್ನೇ, ಗೊತ್ತಿದ್ದೂ ಕೇಳಿದ್ರು. ಸುತ್ತಲಿನವರು ಏನಂತಾರೆ ಅನ್ನೋದೇ ಅಳತೆ ಆಗಿದ್ರೆ ಅದು ಆಗ್ತಿರ್ಲಿಲ್ಲ. ಕೀಗನ್‌ನ ಎರಡನೇ ಮನಸ್ಸು ಅಂದ್ರೆ ಇದೇ ಅಂತ ನನಗನ್ಸುತ್ತೆ. ಅಣ್ಣ ಇನ್ನೂ ಒಪ್ಪಿಲ್ಲ. ಎಂಟೇ ವರ್ಷಕ್ಕೆ, 1905ರಲ್ಲಿ, ಅದೇ ಗೋಖಲೆ ಬನಾರಸ್ ಕಾಂಗ್ರೆಸ್ ಅಧ್ಯಕ್ಷರಾದ್ರು ಅಂತಲೂ ಹೇಳ್ದೆ, ಅದಕ್ಕೆ ಅಣ್ಣ, ಅಧ್ಯಕ್ಷರಾದವರೆಲ್ಲಾ ಮಾಗಿರ್ತಾರಾ ಅಂದ್ರು. ಅದೂ ಸರಿನೇ.

ಮೂರನೇ ಮನಸ್ಸಿಗೆ ಉದಾಹರಣೆ ಚಿಕ್ಕದಾಗಿ. ಗಾಂಧಿ ಯರವಡಾ ಜೈಲಲ್ಲಿ ಇದ್ದಾಗ 1924ರ ಜನವರಿಯಲ್ಲಿ ಅಪೆಂಡಿಕ್ಸ್ ಆಪರೇಷನ್ ಆಯ್ತು, ನಮ್ಮ ಸ್ಟೇಷನ್ ಹತ್ರದ ಸಸೂನ್ ಆಸ್ಪತ್ರೆಯಲ್ಲೇ, ಫೆಬ್ರವರಿಯಲ್ಲಿ ಬಿಡುಗಡೆ. ಹೊರಗೆ ಬಂದು ನೋಡಿದ್ರೆ ಶಾಸನಸಭೆ ಬಹಿಷ್ಕಾರ ಅಂತ ಇವರು ಹಾಕಿದ್ದ ಗೆರೆ ದಾಟಿ ಚಿತ್ತರಂಜನ ದಾಸ್, ಮೋತಿಲಾಲ್ ನೆಹರೂ ಸ್ವರಾಜ್ ಪಕ್ಷ ಕಟ್ಟಿ ಸಭೆಗಳ ಒಳಗೇ ಕೂತಿದ್ರು. ಗಾಂಧಿಗೆ ಬಹಿಷ್ಕಾರವೇ ಸರಿ ಅನ್ನೋ ನಂಬಿಕೆ ಹೋಗಿರ್ಲಿಲ್ಲ. ಆದ್ರೂ ನವೆಂಬರ್‌ನಲ್ಲಿ ಕಲ್ಕತ್ತಾದಲ್ಲಿ ರಾಜಿ ಮಾಡ್ಕೊಂಡು, ಕಾಂಗ್ರೆಸ್ ಪರವಾಗಿ ಸಭೆಗಳಲ್ಲಿ ನೀವೇ ಕೆಲಸ ಮಾಡಿ ಅಂದ್ರು, ಬದಲಿಗೆ ಸದಸ್ಯತ್ವಕ್ಕೆ ನಾಲ್ಕಾಣೆ ಬದಲು ತಿಂಗಳಿಗೆ 2000 ಗಜ ನೂಲು ಅಂತ ಒಪ್ಪಿಸಿದ್ರು. ಅದಕ್ಕೆ ಮುದ್ರೆ ಬಿದ್ದಿದ್ದು ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ, ಗಾಂಧಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ. ಬೆಳಗಾವಿ ಅಂದ್ರೆ ನಾವು ಬಾವಿ, ಫೋಟೋ, ಸ್ಮಾರಕ ಅಂತ ಮಾತಾಡ್ತೀವಿ, ಅಲ್ಲಿ ಒಬ್ಬ ಲೀಡರ್ ತನ್ನ ನಂಬಿಕೆ ಬಿಡದೆಯೇ ತನ್ನ ಹಟ ಬಿಟ್ಟ ಅನ್ನೋದನ್ನ ಯಾರೂ ಹೇಳಲ್ಲ.

ಏಮಿ ಎಡ್ಮಂಡ್ಸನ್, ಇವರೂ ಹಾರ್ವರ್ಡ್ ಪ್ರೊಫೆಸರ್, ಇವರ ಬಗ್ಗೆ ಎರಡು ಸಾಲು. ಆಸ್ಪತ್ರೆ ವಾರ್ಡ್‌ಗಳಲ್ಲಿ ಔಷಧಿ ಕೊಡೋದರಲ್ಲಿ ಆಗೋ ತಪ್ಪು ಎಣಿಸೋಕೆ ಹೋದ್ರು, ಒಳ್ಳೇ ತಂಡದಲ್ಲಿ ತಪ್ಪು ಕಮ್ಮಿ ಇರುತ್ತೆ ಅಂದ್ಕೊಂಡಿದ್ರು, ಲೆಕ್ಕ ನೋಡಿದ್ರೆ ಒಳ್ಳೇ ತಂಡದಲ್ಲೇ ಜಾಸ್ತಿ. ಕಾರಣ, ಅಲ್ಲಿ ಜನ ಹೆದರದೆ ತಪ್ಪು ಹೇಳ್ಕೋತಿದ್ರು, ಬೇರೆ ಕಡೆ ಮುಚ್ಚಿಡ್ತಿದ್ರು. ನನ್ನ ಟೀಮ್‌ನಲ್ಲಿ ಆ ಘಟನೆ ಆದ್ಮೇಲೆ ಮೂರು ತಿಂಗಳು ಒಂದು ತಪ್ಪೂ ರಿಪೋರ್ಟ್ ಆಗಿರ್ಲಿಲ್ಲ. ನಾನು ಅದನ್ನ ಅಪ್ರೈಸಲ್‌ನಲ್ಲಿ ಸಾಧನೆ ಅಂತ ಬರ್ಕೊಂಡಿದ್ದೆ. ಈಗ ನೆನೆಸ್ಕೊಂಡ್ರೆ ಮೈ ಬಿಸಿ ಆಗುತ್ತೆ.

ಕೊನೇದು ಅಭ್ಯಾಸ. ಕೀಗನ್ ಮತ್ತು ಲೀಸಾ ಲಾಹೀ ಮಾಡಿರೋ ನಾಲ್ಕು ಕಾಲಮ್ ಹಾಳೆ. ಮೊದಲ ಕಾಲಮ್‌ನಲ್ಲಿ ಏನು ಬದಲಾಯಿಸ್ಬೇಕು ಅಂತ. ನಾನು ಬರೆದಿದ್ದು, ಡೇಟ್ ಕೊಡೋ ಮೊದಲು ಟೀಮ್‌ನ ಕೇಳ್ಬೇಕು. ಎರಡನೇದರಲ್ಲಿ, ಅದರ ಬದಲು ನಿಜವಾಗ್ಲೂ ಏನು ಮಾಡ್ತಿದೀನಿ: ಕಾಲ್‌ನಲ್ಲೇ ಹೂಂ ಅಂದ್ಬಿಡ್ತೀನಿ, ಆಮೇಲೆ ಟೀಮ್‌ಗೆ ಮೇಲಿಂದ ಬಂದಿದೆ ಅಂತೀನಿ. ಇಲ್ಲೀವರೆಗೆ ಸುಲಭ. ಮೂರನೇದು ಕಷ್ಟ, ಹಾಗೆ ಮಾಡೋದರಿಂದ ಒಳಗೆ ಗುಟ್ಟಾಗಿ ಏನನ್ನ ಕಾಪಾಡ್ಕೋತಿದೀನಿ. ಅದಕ್ಕೆ ಒಂದು ಉಪಾಯ ಇದೆ, ಎರಡನೇ ಕಾಲಮ್‌ನಲ್ಲಿ ಬರೆದಿದ್ದರ ಉಲ್ಟಾ ಮಾಡೋದನ್ನ ಕಲ್ಪಿಸ್ಕೊಳ್ಳಿ, ಆಗ ಹೊಟ್ಟೆಯಲ್ಲಿ ಏನೋ ಕಲಸಿದಂಗೆ ಆಗುತ್ತಲ್ಲ ಅದನ್ನ ಬರೀರಿ. ನಂದು, ಟೀಮ್‌ನ ಕೇಳಿ ಹೇಳ್ತೀನಿ ಅಂದ್ರೆ ಕ್ಲೈಂಟ್ ಕಣ್ಣಲ್ಲಿ ನಾನು ಏನೂ ಗೊತ್ತಿಲ್ಲದವನು ಆಗ್ತೀನಿ, ಹಾಗೆ ಕಾಣಬಾರದು ಅನ್ನೋದನ್ನ ಕಾಪಾಡ್ತಿದೀನಿ. ನಾಲ್ಕನೇದು, ಇದರ ಬುಡದಲ್ಲಿರೋ ನಂಬಿಕೆ: ಒಂದು ಸಲ ಗೊತ್ತಿಲ್ಲ ಅಂದ್ರೆ ಮುಗೀತು, ಹಳ್ಳಿಯಿಂದ ಬಂದವನು ಅಂತ ಹೇಗೂ ಕಾಯ್ತಿದಾರೆ. ಹಾವೇರಿ ಹತ್ರದ ಊರಿಂದ ಬಂದು ಹದಿನಾಲ್ಕು ವರ್ಷ ಆಯ್ತು, ಇನ್ನೂ ಅದೇ ನಂಬಿಕೆ ಡೇಟ್ ಕೊಡಿಸ್ತಾ ಇತ್ತು ನನ್ನ ಕೈಲಿ. ಈ ನಂಬಿಕೆನ ಒಂದೇ ಸಲ ಕಿತ್ತು ಹಾಕಿ ಅಂತ ಅವರು ಹೇಳಲ್ಲ, ಚಿಕ್ಕ ಪರೀಕ್ಷೆ ಮಾಡಿ ನೋಡಿ ಅಂತಾರೆ. ನಾನು ಒಂದು ಸಣ್ಣ ಕಾಲ್‌ನಲ್ಲಿ ನಾಳೆ ಹೇಳ್ತೀನಿ ಅಂದೆ. ಕ್ಲೈಂಟ್ ಓಕೆ ಅಂದ. ಅಷ್ಟೇ.

ವಿಜಯಪುರದ ಹುಡುಗನಿಗೆ ಎರಡು ಸಲ ಕ್ಷಮೆ ಕೇಳ್ದೆ. ಮೊದಲನೇದರಲ್ಲಿ ಆದ್ರೆ ಅನ್ನೋ ಪದ ಮೂರು ಸಲ ಬಂತು, ಅವನು ಪರವಾಗಿಲ್ಲ ಸರ್ ಅಂದ. ಎರಡನೇ ಸಲ ಟೀಮ್ ಮೀಟಿಂಗ್‌ನಲ್ಲೇ ಹೇಳ್ದೆ, ದಿನ ಕಡಿಮೆ ಮಾಡಿದ್ದು ನಾನು, ಟೆಸ್ಟಿಂಗ್ ತಲೆಗೆ ಕಟ್ಟಿದ್ದು ನಾನು, ಅಂತ. ಕ್ಲೈಂಟ್‌ಗೂ ಒಂದು ಮೇಲ್ ಹಾಕ್ದೆ, ಅದಕ್ಕೆ ಉತ್ತರ ಬರ್ಲಿಲ್ಲ. ಹುಡುಗ ಏನೂ ಅನ್ಲಿಲ್ಲ ಆವತ್ತೂ. ಎರಡು ವಾರ ಆದ್ಮೇಲೆ ಒಂದು ದಿನ ನನ್ನ ಡೆಸ್ಕ್ ಹತ್ರ ಬಂದು, ಸರ್ ಈ ಡೇಟ್‌ಗೆ ಆಗಲ್ರಿ, ಅಂದ.

ಮುಂದಿನ ಭಾನುವಾರ ಹಾಳೆ ತುಂಬ್ಕೊಂಡು ಬನ್ನಿ. ನಾಲ್ಕನೇ ಕಾಲಮ್ ಖಾಲಿ ಇದ್ರೂ ಪರವಾಗಿಲ್ಲ, ಮೂರನೇದು ಖಾಲಿ ಬಿಡಬೇಡಿ. ಟಿಫಿನ್ ಈ ಸಲ ಧಾರವಾಡದ ಅಕ್ಕನ ಕಡೆಯಿಂದ.